ತಪ್ಪಲೆಯೊಳಗಿನ ಮುಖ

ಕಲಾಯಿ ಸಾಬರ ಕಾಲುಗುರುಗಳು ತವರ ಮೆತ್ತಿ ಹೊಳೆಯುತ್ತಿದ್ದವು. ಅಂಗಾಲು ಮಾತ್ರ ಇದ್ದಿಲಿನ ಕಪ್ಪು. ತವರ ಸವರುವ ಮುಂಚೆ ಪಾತ್ರೆಯೊಳಗೆ ಮರಳು ಹಾಕಿ, ತಾವೇ ಇಳಿದು ನಿಂತು, ಗೋಡೆ ಹಿಡಿದು ಸೊಂಟ ತಿರುಗಿಸುತ್ತಾ ಕಾಲಿನಿಂದಲೇ ಉಜ್ಜುತ್ತಿದ್ದರು. ಮಂಡ್ಯದ ನಮ್ಮ ಬೀದಿಯ ಮಕ್ಕಳು ಅದನ್ನು ಕುಣಿತವೆಂದು ನಗುತ್ತಿದ್ದವು. ಸಾಬರೂ ಬಿಡದೆ ಇನ್ನೆರಡು ಸುತ್ತು ಹೆಚ್ಚಿಗೇ ತಿರುಗುತ್ತಿದ್ದರು.

ಎರಡನೇ ಮಹಾಯುದ್ಧದ ಕಾಲ. ಬೆಳಕವಾಡಿಯಿಂದ ಬಂದ ನಾನು ಸಾಬರ ಎದುರುಮನೆಯ ಹಿತ್ತಿಲ ಕೋಣೆಯಲ್ಲಿದ್ದುಕೊಂಡು, ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಬಿ.ಎ. ಓದುತ್ತಿದ್ದೆ. ನನಗಿಂತ ಮುಂಚೆ ಆ ಕೋಣೆಯಲ್ಲಿದ್ದವನೂ ಬಿ.ಎ. ಹುಡುಗನೇ. ಒಂದು ಮಟಮಟ ಮಧ್ಯಾಹ್ನ ಪುಸ್ತಕ ಮಡಿಚಿಟ್ಟು ಎದ್ದುಹೋದವನು ನಾಲೆಗೆ ಇಳಿದು ಪ್ರಾಣ ಬಿಟ್ಟನಂತೆ. ಅವನಪ್ಪ ಬಂದು ಟ್ರಂಕು ಒಯ್ದರಂತೆ, ಹಿತ್ತಾಳೆ ತಪ್ಪಲೆಯನ್ನು ಮುಟ್ಟಲಿಲ್ಲವಂತೆ. ಮನೆಯ ಯಜಮಾನಿ ಅದನ್ನು ನನಗೆ ಕೊಟ್ಟರು. ಪುಕ್ಕಟೆ ಪಾತ್ರೆ ಸಿಕ್ಕಿತೆಂದು ಹಿಗ್ಗಿದೆ, ದಡ್ಡ.

ನನ್ನ ಆಗಿನ ದಿನಚರಿ ಹೇಳಿಕೊಳ್ಳಲು ನಾಚಿಕೆ. ಕತ್ತಲಿರುವಾಗಲೇ ಎದ್ದು, ಹುಣಸೆ ಕಿವುಚಿ ಸಾರು ಕಾಯಿಸಿ, ಅದೇ ತಪ್ಪಲೆಯಲ್ಲಿ ಮುಚ್ಚಿಟ್ಟು ರೈಲಿಗೆ ಓಡುವುದು. ಮಧ್ಯಾಹ್ನಕ್ಕೆ ಬರೀ ಕಾಫಿ. ಸಂಜೆ ಆ ತಣ್ಣನೆಯ ಸಾರಿಗೇ ಅನ್ನ ಕಲಸಿಕೊಂಡು, ಅರೆನಿದ್ದೆಯಲ್ಲಿ ಓದುವುದು. ಮೂರು ತಿಂಗಳಾಗುವಷ್ಟರಲ್ಲಿ ಬಾಯಲ್ಲಿ ಸದಾ ಕಾಸು ಕಚ್ಚಿಕೊಂಡಂಥ ರುಚಿ. ಅನ್ನ ಕಂಡರೆ ವಾಕರಿಕೆ. ಆಮೇಲೆ, ನಾನು ಓದಿದ ಸಾಲನ್ನು ಬೆನ್ನ ಹಿಂದೆ ಇನ್ನೊಂದು ದನಿ ಮೆಲ್ಲಗೆ ಓದತೊಡಗಿತು. ನಾನು ನಿಲ್ಲಿಸಿದರೂ ಅದು ಮುಂದಿನ ಸಾಲು ಓದುತ್ತಿತ್ತು. ಪುಟ ತಿರುಗಿಸಿದರೆ ಆ ಸಾಲೇ ಅಲ್ಲಿರುತ್ತಿತ್ತು.

"ಅವ್ನು ಆ ರೂಮು ಬುಟ್ಟು ಓಗಿಲ್ಲ ಕಣಪ್ಪ," ಎಂದರು ಯಜಮಾನಿ, ನಾನು ದನಿಯ ಸಂಗತಿ ಹೇಳಿದಾಗ. ನಾನೂ ನಂಬಿದೆ.

ಒಂದು ಭಾನುವಾರ ಮಧ್ಯಾಹ್ನ ಆ ದನಿ ಓದುವುದನ್ನು ಬಿಟ್ಟು, "ಏಳು, ನೀರಿಗೆ ಹೋಗೋಣ" ಎಂದಿತು. ತಪ್ಪಲೆ ಹಿಡಿದು ಎದ್ದೆ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ.

"ಎಲ್ಲಿಗಪ್ಪಾ?" ಸಾಬರು ಜಗಲಿಯಿಂದ ಕೂಗಿದರು.

"ನಾಲೆಗೆ."

ಅವರು ಧಡಧಡ ಇಳಿದು ಬಂದು ನನ್ನ ತೋಳು ಹಿಡಿದರು. ಮುಖ ನೋಡಿದರು, ತಪ್ಪಲೆ ನೋಡಿದರು. ಒಳಗೆ ಬೆರಳಾಡಿಸಿ ತೆಗೆದರೆ ತುದಿಯೆಲ್ಲ ಹಸಿರು.

"ಕಲಾಯಿ ಎಲ್ಲಾ ಓಗ್ಬುಟ್ಟದೆ! ಇದ್ರಾಗೆ ಉಳಿ ಕಾಯ್ಸಿ ಮಡಗ್ತೀಯಾ? ಕಿಲುಬು ಕಣಪ್ಪಾ ಇದು, ವಿಸ. ಒಟ್ಟೇಗೂ ಓಯ್ತದೆ, ತಲೇಗೂ ಓಯ್ತದೆ."

ಆಮೇಲೆ ಅವರ ದನಿ ಬಿದ್ದುಹೋಯಿತು. "ಆ ಉಡ್ಗ ಇದ್ನ ತಕ್ಕೊಂಡು ಮೂರು ಸಲ ಬಂದಿದ್ದ. ಯುದ್ಧ, ತವರ ಸಿಕ್ಕಲ್ಲ, ನಾಳೆ ಬಾ ಅಂದೆ. ಸುಳ್ಳು. ಒಂದು ಕಡ್ಡಿ ಇತ್ತು. ಮಗಳ ಮದ್ವೆ ಪಾತ್ರೆಗೆ ಅಂತ ಮಡಗಿದ್ದೆ."

ಒಳಗಿನಿಂದ ಆ ಕಡ್ಡಿಯನ್ನು ತಂದರು. ತಿದಿ ಒತ್ತಿ ತಪ್ಪಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬಿಳಿ ಹೊಗೆ ಏಳುತ್ತಿದ್ದಂತೆ ಹತ್ತಿಯಿಂದ ತವರ ಸವರಿದರು. ನೀರಿಗದ್ದಿ ನನ್ನ ಕೈಗಿಟ್ಟರು. ಬಗ್ಗಿ ನೋಡಿದರೆ ಒಳಗೊಬ್ಬ ಹುಡುಗ: ಕೆನ್ನೆ ಗುಳಿಬಿದ್ದು, ಕಣ್ಣು ಒಳಸೇರಿ, ನನ್ನನ್ನೇ ನೋಡುತ್ತಿದ್ದಾನೆ.

"ಇವನೇ! ಇವನೇ ಕರೆದದ್ದು!" ಎಂದು ಚೀರಿದೆ.

"ನೀನೇ ಕಣಪ್ಪಾ ಅದು," ಎಂದರು ಸಾಬರು.

ಅಂದಿನಿಂದ ಅವರದೇ ಕಾನೂನು. ಬೆಳಗಿನ ಅಡುಗೆ ಬೆಳಿಗ್ಗೆಯೇ ಉಣ್ಣಬೇಕು, ರೈಲಿಗೆ ಬುತ್ತಿ ಕಟ್ಟಬೇಕು, ಎಂಟಕ್ಕೆಲ್ಲ ಮಲಗಬೇಕು. "ಪಾಸಾಗಾಕೆ ಮೊದ್ಲು ಬದುಕಿರ್ಬೇಕು ಕಣ್ಲಾ" ಎಂದು ಗದರಿಸುತ್ತಿದ್ದರು. ಪ್ರತಿ ಭಾನುವಾರ ತಪ್ಪಲೆ ತರಿಸಿಕೊಂಡು ಬೆರಳಾಡಿಸಿ ನೋಡುತ್ತಿದ್ದರು. ದನಿ ಬರಬರುತ್ತಾ ದೂರವಾಯಿತು. ಅವರ ಮಗಳು ಕಲಾಯಿಯಿಲ್ಲದ ಪಾತ್ರೆಗಳೊಂದಿಗೆ ಗಂಡನ ಮನೆಗೆ ಹೋದಳು. ನಾನು ಬೀದಿಯಲ್ಲಿ ತಲೆ ತಗ್ಗಿಸಿ ನಿಂತಿದ್ದೆ.

ನಾನು ಪಾಸಾದ ವರ್ಷ ಸಾಬರು ಹಾಸಿಗೆ ಹಿಡಿದರು. ಭಾನುವಾರದ ವಾಡಿಕೆಯಂತೆ ತಪ್ಪಲೆ ಹಿಡಿದು ಹೋದೆ. ಬಾಗಿಲಲ್ಲಿ ನನ್ನನ್ನು ಕಂಡವರು ಬೇರೆ ಯಾರನ್ನೋ ಕಂಡಂತೆ ನಡುಗಿದರು.

"ನಾಳೆ ಬಾ ಅನ್ನಲ್ಲ ಕಣಪ್ಪಾ. ಇವತ್ತೇ ಆಕ್ಕೊಡ್ತೀನಿ."

ನಾನು ನಾಲೆಯ ಹುಡುಗನಲ್ಲ ಎಂದು ತಿದ್ದಲಿಲ್ಲ. "ಹಾಕಿಕೊಟ್ಟಿದ್ದೀರಲ್ಲ ಸಾಬರೇ, ನೋಡಿ" ಎಂದು ತಪ್ಪಲೆಯನ್ನು ಅವರ ಮುಖದ ಹತ್ತಿರ ಹಿಡಿದೆ. ಬಹಳ ಹೊತ್ತು ಇಣುಕಿದರು.

"ಮೂವರೂ ಇದ್ದೀವಲ್ಲ," ಎಂದು ನಕ್ಕರು. ಅಂಥ ನೆಮ್ಮದಿಯ ನಗುವನ್ನು ಅವರ ಮುಖದಲ್ಲಿ ನಾನು ಹಿಂದೆ ಕಂಡಿರಲಿಲ್ಲ. ಅದೇ ಸಂಜೆ ತೀರಿಕೊಂಡರು.

ಆ ದನಿಗೆ ಕಾರಣ ಕಿಲುಬು, ಹಸಿವು, ನಿದ್ದೆಗೇಡು: ಎಲ್ಲವನ್ನೂ ಒಪ್ಪುತ್ತೇನೆ. ಈ ಜೀವ ಸಾಬರು ಕೊಟ್ಟದ್ದು. ತಪ್ಪಲೆ ಈಗಲೂ ನನ್ನಲ್ಲಿದೆ, ವರ್ಷ ತಪ್ಪದೆ ಕಲಾಯಿ ಹಾಕಿಸುತ್ತೇನೆ. ಆದರೆ ಕಲಾಯಿಯವನು "ಹೊಳಪು ನೋಡಿ ಸ್ವಾಮಿ" ಎಂದು ಚಾಚಿದಾಗ, ಮುಖ ತಿರುಗಿಸಿಕೊಂಡೇ ಈಸಿಕೊಳ್ಳುತ್ತೇನೆ.