"ಹೋಗ್ತೇನೆ" ಅನ್ನಬಾರದು

ಹಡಗಿನ ಪ್ರವಾಸದ ಕೊನೆಯ ದಿನ ನಾವು ತಿಂಡಿಗೆ ಹೋದಾಗ ನಮ್ಮ ಟೇಬಲ್ಲಿನ ವೇಟರ್ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ಹಿಂದಿನ ದಿನ ರಾತ್ರಿ ಊಟ ಮುಗಿಸಿ ಏಳುವಾಗ ನಮ್ಮವರು ಅವನ ಬೆನ್ನು ತಟ್ಟಿ, "ಓಕೆ, ವಿ ವಿಲ್ ಕಮ್" ಎಂದು ಹೇಳಿ ಬಂದಿದ್ದರು. ಪಾಪ, ನಾವು ಡೆಕ್ ಮೇಲೆ ಒಂದು ಸುತ್ತು ಹಾಕಿ ಸಿಹಿ ತಿನ್ನಲು ವಾಪಸ್ ಬರುತ್ತೇವೆ ಎಂದು ಅವನು ತಿಳಿದುಕೊಂಡಿದ್ದಾನೆ. ಎರಡು ತಟ್ಟೆ ತಿರಮಿಸು ತೆಗೆದಿಟ್ಟು, ಊಟದ ಹಾಲ್ ಖಾಲಿಯಾಗುವವರೆಗೆ ಕಾದಿದ್ದಾನೆ.

"ಸರ್, ಯು ಸೆಡ್ ಯು ವಿಲ್ ಕಮ್" ಅಂದ.

ನಮ್ಮವರು ಅವನಿಗೆ ನಾಲ್ಕು ಸಲ "ಸಾರಿ" ಎಂದು ಹೇಳಿ, ನನ್ನ ಕಡೆ ತಿರುಗಿದರು. "ನೋಡೇ, ಇದೆಲ್ಲ ನಿನ್ನಿಂದ ಆಗಿದ್ದು."

ನನ್ನಿಂದ ಹೇಗೆಂದರೆ, ನಾನು ಉಡುಪಿ ಕಡೆಯವಳು. ನಮ್ಮ ಮನೆಯಲ್ಲಿ ಹೊಸಿಲು ದಾಟುವವರು ಯಾರೂ "ಹೋಗ್ತೇನೆ" ಅನ್ನುವ ಹಾಗಿರಲಿಲ್ಲ, "ಬರ್ತೇನೆ" ಅನ್ನಬೇಕು. ಬಾಯಿ ತಪ್ಪಿ ಅಂದವರನ್ನು ಅಮ್ಮ ಒಳಗೆ ಕರೆದು, ಕೂರಿಸಿ, ಒಂದು ಲೋಟ ನೀರು ಕುಡಿಸಿ ಮತ್ತೆ ಕಳಿಸುತ್ತಿದ್ದರು. ಅಷ್ಟರಲ್ಲಿ ಬಸ್ಸು ತಪ್ಪಿದರೂ ಸರಿಯೇ. ಮೈಸೂರಿನವರಾದ ನಮ್ಮವರಿಗೂ ಈ ಪದ್ಧತಿ ಹೊಸದೇನಲ್ಲ, ಆದರೆ ಅವರ ಮನೆಯಲ್ಲಿ ಇಷ್ಟು ಕಟ್ಟುನಿಟ್ಟು ಇರಲಿಲ್ಲ. ಮದುವೆಯಾಗಿ ಟೊರಾಂಟೊ ಪಕ್ಕದ ಪಿಕರಿಂಗಿನಲ್ಲಿ ಸಂಸಾರ ಹೂಡಿದ ಮೇಲೆ ಇವರಿಗೆ ಪವರ್ ಪ್ಲಾಂಟಿನಲ್ಲಿ ನೈಟ್ ಶಿಫ್ಟು ಸಿಕ್ಕಿತು. ಹಿಮ ಸುರಿಯುವ ರಾತ್ರಿ, ಜಾರುವ ರಸ್ತೆ, ಗಂಡ ಬಾಗಿಲಲ್ಲಿ ನಿಂತು "ಹೋಗ್ತೀನಿ ಕಣೇ" ಅಂದರೆ ನನಗೆ ಹೇಗಾಗಬೇಡ? ಜಾಕೆಟ್ಟಿನ ತೋಳು ಹಿಡಿದು ಒಳಗೆಳೆದು, ನೀರು ಕುಡಿಸಿ, ಸರಿಯಾಗಿ ಹೇಳಿಸಿಯೇ ಕಳಿಸುತ್ತಿದ್ದೆ. ಹೀಗೆ ಹೇಳಿ ಹೇಳಿ ಇವರಿಗೆ ಅದು ಎಷ್ಟು ಅಭ್ಯಾಸವಾಯಿತೆಂದರೆ ಇಂಗ್ಲಿಷಿನಲ್ಲೂ ಅದೇ ಬಾಯಿಗೆ ಬರತೊಡಗಿತು. ಹಲ್ಲು ಕೀಳಿಸಿಕೊಂಡು ಡೆಂಟಿಸ್ಟಿನ ಕುರ್ಚಿಯಿಂದ ಏಳುವಾಗಲೂ "ಐ ವಿಲ್ ಕಮ್" ಅನ್ನುವ ಮನುಷ್ಯ ಇವರು. ನಮ್ಮ ಮಗಳು ತಲೆ ತಲೆ ಚಚ್ಚಿಕೊಂಡು, "ಅಪ್ಪಾ, ಜಸ್ಟ್ ಸೇ ಬೈ" ಅನ್ನುತ್ತಾಳೆ.

ತಿರಮಿಸುವಿನ ಕತೆಗೆ ನಾನು ಹೊಟ್ಟೆ ಹಿಡಿದುಕೊಂಡು ನಗಬೇಕಿತ್ತು. ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ಅದೇ ಮಾತು ಈ ಸಲ ನಮ್ಮ ಕುತ್ತಿಗೆಗೇ ಬಂದಿತ್ತು. ಈ ಪ್ರವಾಸಕ್ಕೆ ಹೊರಡುವ ಹಿಂದಿನ ವಾರವಷ್ಟೇ ಇವರು ರಿಟೈರ್ ಆಗಿದ್ದರು. ಕೊನೆಯ ದಿನ ಕೇಕ್ ಕತ್ತರಿಸಿ, ಎಲ್ಲರ ಕೈ ಕುಲುಕಿ, ಬಾಗಿಲ ಹತ್ತಿರ ಮ್ಯಾನೇಜರಿಗೆ "ಓಕೆ, ಐ ವಿಲ್ ಕಮ್" ಅಂದಿದ್ದಾರೆ. ಆತ ಅದನ್ನು ಮನಸ್ಸಿನಲ್ಲಿಟ್ಟುಕೊಂಡ. ನಾವು ಹಡಗು ಹತ್ತುವ ಮುಂಚೆ ಫೋನ್ ಮಾಡಿ, ನೀನು ಬರ್ತೀನಿ ಅಂದಿದ್ದೆಯಲ್ಲ, ನಿನಗಾಗಿ ಎರಡು ವರ್ಷದ ಕಾಂಟ್ರ್ಯಾಕ್ಟ್ ಇಟ್ಟಿದ್ದೇನೆ, ಅದೇ ನೈಟ್ ಶಿಫ್ಟು, ರಜೆ ಮುಗಿಸಿ ಬಂದ ಸೋಮವಾರದಿಂದಲೇ ಶುರು ಮಾಡು ಅಂದ. ಮುಖ ಮುರಿದ ಹಾಗೆ ಬೇಡ ಅನ್ನಲಾಗದೆ ಇವರು "ಲೆಟ್ ಅಸ್ ಸೀ" ಅಂದರು. ನಮ್ಮಲ್ಲಿ "ನೋಡೋಣ" ಅಂದರೆ ವಿಷಯ ಮುಗಿಯಿತು ಎಂದೇ ಲೆಕ್ಕ. ಹುಡುಗನ ಕಡೆಯವರು ನೋಡೋಣ ಅಂದರೆ ಹುಡುಗಿಯ ಮನೆಯವರು ಮರುದಿನವೇ ಬೇರೆ ಸಂಬಂಧ ಹುಡುಕುತ್ತಾರೆ. ಮ್ಯಾನೇಜರ್ ಮಾತ್ರ "ಗ್ರೇಟ್, ರಜೆಯ ಕೊನೆಯ ಶುಕ್ರವಾರದೊಳಗೆ ಖಚಿತ ಮಾಡು" ಎಂದು ಖುಷಿಯಿಂದ ಫೋನ್ ಇಟ್ಟ.

ಆ ಶುಕ್ರವಾರವೇ ಹಡಗಿನ ಕೊನೆಯ ದಿನ. ಇಡೀ ದಿನ ನೀರಿನ ಮೇಲೆ; ಮರುದಿನ ಬೆಳಿಗ್ಗೆ ಬಾರ್ಸಿಲೋನಾದಲ್ಲಿ ಇಳಿದು ಟೊರಾಂಟೊ ವಿಮಾನ ಹತ್ತಬೇಕಿತ್ತು. ಇವರು ರಜೆಯುದ್ದಕ್ಕೂ ಆ ವಿಷಯವನ್ನೇ ಎತ್ತಿರಲಿಲ್ಲ. ನಾನೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅದು ನನಗೆ ಎಷ್ಟು ಕಷ್ಟದ ಕೆಲಸ ಎಂದು ನನ್ನನ್ನು ಬಲ್ಲವರಿಗೆ ಗೊತ್ತು.

ಸುತ್ತಿ ಬಳಸಿ ಹೇಳುವುದೇಕೆ, ಇವರು ಮತ್ತೆ ಕೆಲಸಕ್ಕೆ ಹೋಗುವುದು ನನಗೆ ಸುತಾರಾಂ ಬೇಡವಾಗಿತ್ತು. ನನ್ನದು ನಾರ್ತ್ ಯಾರ್ಕಿನ ಒಂದು ಫಾರ್ಮಸಿಯಲ್ಲಿ ಹಗಲಿನ ಕೆಲಸ. ಟ್ರೇನು, ಸಬ್‌ವೇ ಹಿಡಿದು ಸಂಜೆ ಮನೆ ಮುಟ್ಟಿ ನಾನು ಬೂಟು ಕಳಚುವಾಗ ಇವರು ಬೂಟು ಹಾಕುತ್ತಿದ್ದರು. ಮಗಳನ್ನು ನಾವು ಬೆಳೆಸಿದ್ದು ಹಾಗೆ, ಬಾಗಿಲಲ್ಲಿ ಕೈ ಬದಲಾಯಿಸಿಕೊಂಡು. ಬೆಳಗಿನ ಜಾವ ಬಂದು ಇವರು ಮಲಗಿರುತ್ತಿದ್ದರು. ನಾನು ಹೊರಡುವಾಗ ಮುಚ್ಚಿದ ಬೆಡ್‌ರೂಮಿನ ಬಾಗಿಲಿಗೆ ಮೆಲ್ಲಗೆ "ಬರ್ತೇನೆ" ಎಂದು ಹೇಳಿ ಹೋಗುತ್ತಿದ್ದೆ. ಗೊರಕೆ ಬಿಟ್ಟರೆ ಬೇರೆ ಉತ್ತರ ಇರುತ್ತಿರಲಿಲ್ಲ.

ಹಡಗಿನಲ್ಲಿ ನಾವು ಮೊದಲ ಬಾರಿಗೆ ದಿನಗಟ್ಟಲೆ ಒಟ್ಟಿಗೆ ಎದ್ದೆವು, ಒಟ್ಟಿಗೆ ಉಂಡೆವು, ಒಟ್ಟಿಗೆ ಮಲಗಿದೆವು. ಆಗ ಒಂದೊಂದೇ ಗೊತ್ತಾಯಿತು. ಇವರು ತಲೆ ಬಾಚುವಾಗ ಏನೋ ಗುನುಗುತ್ತಾರೆ, ರಾಗಕ್ಕೂ ಅದಕ್ಕೂ ಸಂಬಂಧವಿಲ್ಲ. ಮೆನುವನ್ನು ಕೊನೆಯ ಪುಟದಿಂದ ಓದುತ್ತಾರೆ. ಕಿತ್ತಳೆ ಹಣ್ಣು ಸುಲಿದರೆ ಕೇಳದೆಯೇ ಅರ್ಧ ನನ್ನ ತಟ್ಟೆಗೆ ಇಡುತ್ತಾರೆ. ಎಂಥ ಒಳ್ಳೆಯ ಮನುಷ್ಯನನ್ನು ಮದುವೆಯಾಗಿದ್ದೇನೆ ಎಂದು ಅರವತ್ತರ ಹತ್ತಿರ ಬಂದು ಕಂಡುಹಿಡಿದು ನನಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಇಷ್ಟು ವರ್ಷದ ಅರ್ಧರ್ಧ ಕಿತ್ತಳೆ ಎಲ್ಲಿ ಹೋಯಿತು ಹಾಗಾದರೆ?

ತಿಂಡಿ ಮುಗಿಸಿ ಡೆಕ್ ಮೇಲೆ ಕೂತೆವು. ಬಿಸಿಲು ಹದವಾಗಿತ್ತು. ಇನ್ನು ತಡೆಯಲಾಗದೆ ನಾನೇ ಕೇಳಿದೆ.

"ಎಂತ ಮಾಡ್ತೀರಿ ಮಾರಾಯ್ರೆ? ಇವತ್ತು ಶುಕ್ರವಾರ."

"ನೋಡೋಣ" ಅಂದರು.

"ಆ ನೋಡೋಣವನ್ನು ನನ್ನ ಹತ್ರ ಇಡ್ಬೇಡಿ. ನಿಮಗೆ ಹೋಗ್ಲಿಕ್ಕೆ ಮನಸ್ಸುಂಟಾ ಇಲ್ವಾ?"

"ಮನಸ್ಸಿನ ಪ್ರಶ್ನೆ ಅಲ್ಲ ಕಣೇ. ಬರ್ತೀನಿ ಅಂದ್ಬಿಟ್ಟಿದೀನಿ. ಅವನು ನನ್ನ ನಂಬ್ಕೊಂಡು ಜಾಗ ಇಟ್ಟಿದಾನೆ. ಈಗ ಬೇಡ ಅಂದ್ರೆ ಏನಂದ್ಕೋತಾನೆ? ಅದೂ ಅಲ್ದೆ, ನೀನು ದಿನಾ ಕೆಲಸಕ್ಕೆ ಹೋಗ್ತೀಯ. ಒಬ್ಬನೇ ಮನೇಲಿ ಕೂತ್ಕೊಂಡು ಏನ್ ಮಾಡ್ಲಿ?"

"ಸಂಜೆ ನಾನು ಬರ್ತೇನಲ್ಲ" ಅಂದೆ. "ಇಷ್ಟು ವರ್ಷ ನಾನು ಬರುವಾಗ ನೀವು ಹೊರಡ್ತಿದ್ದಿರಿ. ಒಂದು ಸಲವಾದ್ರೂ ನಾನು ಬರುವಾಗ ನೀವು ಮನೇಲಿ ಇರಿ. ನನಗೆ ಅಷ್ಟೇ ಬೇಕಾದ್ದು."

ಹೇಳುತ್ತಾ ಕೈಯಿಂದ ಕಣ್ಣೊರೆಸಿಕೊಂಡೆ. ಇವರು ಗಾಬರಿಯಾಗಿ ಅತ್ತಿತ್ತ ನೋಡಿ, ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟರು. ಆಮೇಲೆ "ಫೋನ್ ಮಾಡ್ತೀನಿ. ಬೇಡ ಅಂತ ಹೇಳ್ತೀನಿ" ಅಂದರು. ಮಧ್ಯಾಹ್ನದವರೆಗೆ ಡೆಕ್ ಸುತ್ತುತ್ತಾ ಆ ಒಂದು "ನೋ" ಹೇಳುವುದನ್ನು ಪ್ರಾಕ್ಟೀಸ್ ಮಾಡಿದರು. ಎದುರು ಬಂದ ಜರ್ಮನ್ ಮುದುಕಿಯೊಬ್ಬಳು ತನಗೇ ಹೇಳಿದರೆಂದು ದುರುಗುಟ್ಟಿ ನೋಡಿದಳು.

ಪಿಕರಿಂಗಿನಲ್ಲಿ ಆಫೀಸು ತೆರೆಯುವ ಹೊತ್ತು ನೋಡಿಕೊಂಡು, ಹಡಗಿನ ಇಂಟರ್ನೆಟ್ಟಿನಲ್ಲಿ ಫೋನ್ ಹಚ್ಚಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಇವರು ಚೆನ್ನಾಗಿಯೇ ಮಾತಾಡಿದರು. ಥ್ಯಾಂಕ್ಸ್ ಹೇಳಿದರು, ಮನೆಯಲ್ಲಿ ಇರಬೇಕೆಂದಿದ್ದೇನೆ ಅಂದರು, ನೋ ಎಂದೂ ಹೇಳಿದರು. ಆತನೂ ದೊಡ್ಡ ಮನಸ್ಸಿನಿಂದ, ನಿನ್ನನ್ನು ಮಿಸ್ ಮಾಡಿಕೊಳ್ಳುತ್ತೇವೆ ಅಂದ. ನನ್ನ ಎದೆಯ ಭಾರ ಇಳಿಯಿತು. ಆತನ ಒಳ್ಳೆಯ ಮಾತಿಗೆ ಕರಗಿದ ಇವರು, ಬಾಯಿ ತುಂಬಾ ನಗುತ್ತಾ, "ಓಕೆ ದೆನ್, ಐ ವಿಲ್ ಕಮ್" ಅಂದುಬಿಟ್ಟರು.

ಆ ಕಡೆಯಿಂದ "ಸೋ ಯು ಆರ್ ಕಮಿಂಗ್?" ಎಂದು ಕೇಳಿಸಿತು. ಅಷ್ಟರಲ್ಲಿ ಲೈನ್ ಕಟ್ಟಾಯಿತು.

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಇವರು ಮತ್ತೆ ಹಚ್ಚಿದರು, ಹೋಗಲಿಲ್ಲ. ಮತ್ತೆ ಹಚ್ಚಿದರು, ಸುತ್ತುವ ಗೆರೆ ಸುತ್ತುತ್ತಲೇ ಇತ್ತು. ಮೆಸೇಜ್ ಕಳಿಸಿದರು, ಅದೂ ಹೋಗದೆ ಅಲ್ಲೇ ಕೂತಿತು. ನನಗೆ ಸಿಟ್ಟು ಬಂದರೆ ಕೈ ಸುಮ್ಮನಿರುವುದಿಲ್ಲ. ಕ್ಯಾಬಿನ್ನಿಗೆ ಹೋಗಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಸೂಟ್‌ಕೇಸಿಗೆ ತುಂಬಿದೆ. ಕೊನೆಯ ಸಂಜೆ ಸೂಟ್‌ಕೇಸುಗಳನ್ನು ಬಾಗಿಲ ಹೊರಗಿಡಬೇಕು, ಹಡಗಿನವರೇ ಒಯ್ದು ಬಂದರಿನಲ್ಲಿ ಇಳಿಸುತ್ತಾರೆ. ಇಟ್ಟೆ, ಒಯ್ದರು. ಆಮೇಲೆ ಇವರು ಮೆಲ್ಲಗೆ, "ಫೋನಿನ ಚಾರ್ಜರ್ ಎಲ್ಲೇ?" ಅಂದರು. ಚಾರ್ಜರ್ ಸೂಟ್‌ಕೇಸಿನಲ್ಲಿತ್ತು. ಫೋನಿನ ಬ್ಯಾಟರಿ ಕೆಂಪು ಬಣ್ಣಕ್ಕೆ ತಿರುಗಿತ್ತು.

"ನನ್ನನ್ನು ಬಿಟ್ಟು ಬೇರೆಲ್ಲ ಪ್ಯಾಕ್ ಮಾಡಿದೀಯ" ಅಂದರು.

"ನಿಮ್ಮ ಬಾಯಿಯನ್ನು ಪ್ಯಾಕ್ ಮಾಡ್ಬೇಕಿತ್ತು" ಅಂದೆ. ಹೇಳಿ ನನಗೇ ನಗು ಬಂತು. ಇವರೂ ನಕ್ಕರು. ಕೊನೆಯ ಊಟಕ್ಕೆಂದು ಕೋಟು ಹಾಕಿಕೊಂಡು ಇವರು, ರೇಷ್ಮೆ ಸೀರೆಯಲ್ಲಿ ನಾನು, ಖಾಲಿ ಕ್ಯಾಬಿನ್ನಿನ ಮಂಚದ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಆಗ ಫೋನ್ ರಿಂಗಾಯಿತು. ಮ್ಯಾನೇಜರೇ.

ಇವರು ಎದ್ದು ನಿಂತರು. ನಾನು ಅವರ ಕೋಟಿನ ತೋಳು ಹಿಡಿದುಕೊಂಡೆ. "ಈ ಸಲ ಹೋಗ್ತೇನೆ ಅಂತ ಹೇಳಿ."

ಇವರು ಕಣ್ಣರಳಿಸಿ ನನ್ನನ್ನು ನೋಡಿದರು. "ನೀನಾ ಹೇಳ್ತಿರೋದು? ನಾಳೆ ಪ್ರಯಾಣ ಇದೆ ಕಣೇ."

"ನಾನೇ ಹೇಳ್ತಾ ಇದ್ದೇನೆ. ಹೇಳಿ."

ಫೋನ್ ಕಿವಿಗಿಟ್ಟರು. ಆತ ಏನೋ ಕೇಳಿದ. ಇವರು ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ನೆಟ್ಟಗೆ ನಿಂತು, "ನೋ ಸರ್. ನಾಟ್ ಕಮಿಂಗ್. ಐ ಆಮ್ ಗೋಯಿಂಗ್" ಅಂದರು.

"ಗೋಯಿಂಗ್ ವೇರ್?" ಆ ಕಡೆಯ ಗೊಂದಲ ನನಗೂ ಕೇಳಿಸಿತು.

ಇವರು ನನ್ನ ಮುಖ ನೋಡಿದರು. "ಹೋಮ್" ಅಂದರು.

ಆತ ಜೋರಾಗಿ ನಕ್ಕದ್ದು ಕೇಳಿಸಿತು, ಏನೋ ಶುಭ ಹಾರೈಸಿದ್ದೂ ಕೇಳಿಸಿತು. ಆಮೇಲೆ ಫೋನ್ ತಾನಾಗಿಯೇ ಆರಿಹೋಯಿತು. ನಾನು ಬಾತ್‌ರೂಮಿಗೆ ಹೋಗಿ ಒಂದು ಲೋಟ ನೀರು ತಂದು ಇವರ ಕೈಗೆ ಕೊಟ್ಟೆ. ಏನೇ ಆಗಲಿ, "ಹೋಗ್ತೇನೆ" ಅಂದವರಿಗೆ ನೀರು ಕುಡಿಸದೆ ಇರಲು ನನ್ನಿಂದಾಗದು. ಇವರು ಗಟಗಟ ಕುಡಿದರು. ಊಟದ ಹಾಲ್‌ನಲ್ಲಿ ವೇಟರ್ ತಿರಮಿಸುವನ್ನು ಮೊದಲೇ ತಂದಿಟ್ಟಿದ್ದ, ನಮ್ಮ ಮೇಲೆ ಅವನಿಗೆ ನಂಬಿಕೆ ಉಳಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಪಿಕರಿಂಗಿನಲ್ಲಿ ಥಂಡಿ ಗಾಳಿ. ನಾನು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು, ಬಾಗಿಲಲ್ಲಿ ಕೂತು ಬೂಟಿನ ಲೇಸು ಕಟ್ಟಿದೆ. ಎದ್ದು, ಅಭ್ಯಾಸಬಲದಿಂದ ಮುಚ್ಚಿದ ಬೆಡ್‌ರೂಮಿನ ಕಡೆ ತಿರುಗಿ, ಎಬ್ಬಿಸಬಾರದೆಂದು ಮೆಲ್ಲಗೆ "ಬರ್ತೇನೆ" ಅಂದೆ.

"ಹೂಂ, ಬಾ" ಎಂದು ಅಡುಗೆಮನೆಯಿಂದ ಕೇಳಿಸಿತು. ಇವರು ಲುಂಗಿಯಲ್ಲಿ, ಕಾಫಿ ಲೋಟ ಹಿಡಿದು ಈಚೆ ಬಂದರು. "ಬೇಗ ಬಾ. ಮನೇಲೇ ಇರ್ತೀನಿ."

ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದು, ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಆ ದಿನ ಟ್ರೇನು ತಪ್ಪಿತು.