ಸೂರ್ಯಾಸ್ತವನ್ನು ತಪ್ಪಾಗಿ ಬರೆದವಳು

ಅಕ್ಷರದಕ್ಕ ತೀರಿಕೊಂಡ ಮರುದಿನ ಟಿವಿ ಕೇಂದ್ರದ ಸೂಚನಾ ಫಲಕದ ಮೇಲೆ ನಾಲ್ಕು ಸಾಲಿನ ಒಂದು ಹಾಳೆ ಅಂಟಿಸಿದರು. ಇಪ್ಪತ್ತಾರು ವರ್ಷದ ಸೇವೆ, ಒಂದೂ ತಪ್ಪಿಲ್ಲದ ಕೆಲಸ ಎಂದು ಅದರಲ್ಲಿ ಬರೆದಿತ್ತು. ಆ ಕೊನೆಯ ಮಾತು ಶುದ್ಧ ಸುಳ್ಳು. ಅವಳಷ್ಟು ತಪ್ಪುಗಳನ್ನು ಆ ಕಟ್ಟಡದಲ್ಲಿ ಯಾರೂ ಮಾಡಿಲ್ಲ. ಬೇಕೆಂದೇ, ತಿಂಗಳಿಗೆ ಒಂದೆರಡರಂತೆ, ಹತ್ತು ವರ್ಷ ಮಾಡಿದಳು. ಅದು ಯಾಕೆ ಎಂಬುದನ್ನು ಬಿಟ್ಟು ಅವಳ ಬಗ್ಗೆ ಏನು ಬರೆದರೂ ಅವಳ ಬಗ್ಗೆ ಬರೆದಂತಾಗುವುದಿಲ್ಲ.

ರಿಮೋಟಿನ ಒಂದು ಗುಂಡಿ ಒತ್ತಿದರೆ ಚಿತ್ರ ಸರಿದು, ಕಪ್ಪು ಪರದೆಯ ಮೇಲೆ ಬರೀ ಅಕ್ಷರಗಳು ಮೂಡುತ್ತಿದ್ದ ಕಾಲವೊಂದಿತ್ತು. ಸುದ್ದಿ, ಹವಾಮಾನ, ರೈಲಿನ ವೇಳೆ, ಹೀಗೆ ಒಂದೊಂದಕ್ಕೂ ಒಂದು ಪುಟ, ಪುಟಕ್ಕೊಂದು ಸಂಖ್ಯೆ. ಹಳೆಯ ಅನಲಾಗ್ ಪ್ರಸಾರದಲ್ಲಿ ಚಿತ್ರದ ನೆತ್ತಿಯ ಮೇಲೆ ಕಣ್ಣಿಗೆ ಬೀಳದ ಕೆಲವು ಗೆರೆಗಳಿರುತ್ತಿದ್ದವು. ಅಕ್ಷರಗಳು ಆ ಗೆರೆಗಳಲ್ಲಿ ಅಡಗಿ ಕೂತು ಮನೆಮನೆಗೆ ಹೋಗುತ್ತಿದ್ದವು. ಅವನ್ನು ಕಳಿಸುತ್ತಿದ್ದವಳು ಅಕ್ಕ, ಅಕ್ಷರದಕ್ಕ ಎಂಬ ಹೆಸರು ಬಂದದ್ದೂ ಅದರಿಂದಲೇ. ಎರಡನೇ ಮಹಡಿಯ ಮೂಲೆಯ ಕೋಣೆ, ಸವೆದ ಕೀಲಿಮಣೆ, ತೆರೆದರೆ ಮುಚ್ಚದ, ಮುಚ್ಚಿದರೆ ತೆರೆಯದ ಒಂದು ಕಿಟಕಿ. ಒಂದು ಸಾಲಿಗೆ ನಲವತ್ತು ಅಕ್ಷರ ಮೀರುವಂತಿರಲಿಲ್ಲ.

"ಎಲ್ಲರ ಬಾಯಿಗೂ ಇಂಥದ್ದೊಂದು ಕಟ್ಟು ಹಾಕಬೇಕು ಕಣೇ, ಊರು ತಣ್ಣಗಿರತ್ತೆ" ಎನ್ನುತ್ತಿದ್ದಳು, ಟ್ರಾನ್ಸ್‌ಮಿಟರ್ ವಿಭಾಗದ ಗೆಳತಿಯ ಜೊತೆ ಬುತ್ತಿ ಬಿಚ್ಚುತ್ತಾ. ಈ ಗೆಳತಿಯನ್ನು ಅವಳು ಕರೆಯುತ್ತಿದ್ದದ್ದು ಇಂಜಿನಿಯರಮ್ಮ ಎಂದು.

ಅಕ್ಕನಿಗೆ ಇದ್ದವನು ಒಬ್ಬನೇ ತಮ್ಮ, ಅವಳಿಗಿಂತ ಎಂಟು ವರ್ಷ ಚಿಕ್ಕವನು. ನಾಲ್ಕನೇ ವಯಸ್ಸಿನಲ್ಲಿ ಬಂದ ಜ್ವರ ಅವನ ಕಿವಿಯನ್ನು ಕಿತ್ತುಕೊಂಡು ಹೋಯಿತು. ಆಮೇಲೆ ಅಮ್ಮನೂ ಹೋದಳು. ಮನೆಯ ಕುರ್ಚಿ, ಬಾಗಿಲು, ಸಕ್ಕರೆ ಡಬ್ಬಿ, ಕನ್ನಡಿ ಎಲ್ಲಕ್ಕೂ ಚೀಟಿ ಅಂಟಿಸಿ ಅವನಿಗೆ ಅಕ್ಷರ ಕಲಿಸಿದವಳು ಅಕ್ಕ. ಇಬ್ಬರೂ ಸೇರಿ ಕೈಭಾಷೆ ಕಲಿತರು. ಡಾಕ್ಟರು, ಮೇಷ್ಟರು, ಮನೆ ಮಾಲೀಕ, ಯಾರೇ ಬರಲಿ, ಅವರ ಮಾತು ಅವಳ ಕೈಯಿಂದ ಅವನಿಗೆ, ಅವನ ಮಾತು ಅವಳ ಬಾಯಿಂದ ಅವರಿಗೆ ದಾಟುತ್ತಿತ್ತು. ಅವನು ದೊಡ್ಡವನಾಗಿ ಪುಸ್ತಕದ ಬೈಂಡಿಂಗ್ ಕೆಲಸ ಕಲಿತ. ಬೆಳಿಗ್ಗೆ ಹಲ್ಲುಜ್ಜುತ್ತಾ ಟಿವಿಯ ಮುಂದೆ ನಿಂತು ಅಕ್ಕ ಬರೆದ ಪುಟಗಳನ್ನೆಲ್ಲ ಓದುತ್ತಿದ್ದ. ಏನಾದರೂ ತಪ್ಪು ಸಿಕ್ಕಿತೋ, ಅವತ್ತು ಅವಳ ಗ್ರಹಚಾರ ಕೆಟ್ಟಿತೆಂದೇ ಅರ್ಥ. ಸಂಜೆ ಬಾಗಿಲು ತೆಗೆಯುವ ಮೊದಲೇ ಕಿಟಕಿಯಿಂದ ಬೆರಳಾಡಿಸಿ ಅಣಕಿಸುತ್ತಿದ್ದ.

ಒಂದು ದಿನ ಬೇರೆ ಊರಿನ ಒಬ್ಬ ಹುಡುಗಿ ತನ್ನ ತಾಯಿಯ ಜೊತೆ ಮನೆಗೆ ಬಂದಳು, ಮದುವೆಯ ಮಾತಿಗೆ. ಅವಳಿಗೆ ಕಿವಿ ಕೇಳುತ್ತಿತ್ತು. ಅರ್ಧ ಗಂಟೆ ಕೂತಳು, ಅವನ ಬೆರಳಿಗೆ ಅಂಟಿದ ಗೋಂದು ನೋಡಿ ನಕ್ಕಳು. ಆಮೇಲೆ ಅಕ್ಕನ ಕಡೆ ತಿರುಗಿ, "ನನಗೆ ಒಪ್ಪಿಗೆ ಅಂತ ಹೇಳಿ. ಕೈಭಾಷೆ ಕಲೀತೀನಿ ಅಂತಾನೂ ಹೇಳಿ" ಎಂದಳು.

ಅಕ್ಕನ ಕೈ ಹೇಳಿದ್ದು: ಅವಳಿಗೆ ಮನಸ್ಸಿಲ್ಲವಂತೆ.

ಹುಡುಗಿಗೂ ಅದನ್ನೇ ಹೇಳಿದಳು: ಅವನಿಗೆ ಮನಸ್ಸಿಲ್ಲವಂತೆ.

ಎರಡು ವರ್ಷದ ನಂತರ ಯಾವುದೋ ಊರಿನ ಅಂಗಡಿಯಲ್ಲಿ ಆ ಹುಡುಗಿ ಅವನಿಗೆ ಎದುರಾದಳು, ಕಂಕುಳಲ್ಲಿ ಮಗು. ಒಂದು ಚೀಟಿಯಲ್ಲಿ ಬರೆದು ತೋರಿಸಿದಳು: "ನಾನು ಒಪ್ಪಿದ್ದೆನಲ್ಲ, ನೀವೇ ಬೇಡವೆಂದಿರಿ." ಅವನು ಆ ಚೀಟಿಯನ್ನು ತಂದು ಅಕ್ಕನ ಮುಂದೆ ಹಿಡಿದ. ಆಗಲಾದರೂ ಹೌದು ಎಂದಿದ್ದರೆ ಆಗುತ್ತಿತ್ತು. ಅವಳು, ಆ ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದಳು. ಅದೇ ವಾರ ಅವನು ಮನೆ ಬಿಟ್ಟ. ಮೇಜಿನ ಮೇಲೆ ಒಂದು ಸಾಲು ಇತ್ತು: "ಇನ್ನು ನನ್ನ ಪರವಾಗಿ ಮಾತಾಡಬೇಡ."

ಅವಳು ಹುಡುಕದೇ ಇರಲಿಲ್ಲ. ಕಿವುಡರ ಸಂಘಕ್ಕೆ ಹೋದಳು, ಪೊಲೀಸ್ ಠಾಣೆಗೆ ಹೋದಳು. "ಮೂವತ್ತು ದಾಟಿದ ಗಂಡಸು, ತಾನಾಗೇ ಹೋಗಿದಾನೆ, ನಾವೇನಮ್ಮ ಮಾಡೋದು?" ಎಂದರು. ಐದು ತಿಂಗಳು ಕಳೆದ ಮೇಲೆ, ನಿದ್ದೆಯಿಲ್ಲದ ಕಣ್ಣಲ್ಲಿ ಕೂತು, ನೂರ ನಲವತ್ತನೇ ಪುಟದಲ್ಲಿ ಸೂರ್ಯಾಸ್ತದ ವೇಳೆ ಬದಲಿಸಲು ಮರೆತಳು. ಒಂದು ವಾರದೊಳಗೆ ಕೇಂದ್ರಕ್ಕೆ ಒಂದು ಕಾರ್ಡು ಬಂತು. "ಪುಟ ನೂರ ನಲವತ್ತು. ನಿನ್ನೆಯ ಸೂರ್ಯಾಸ್ತವನ್ನೇ ಇವತ್ತೂ ಹಾಕಿದ್ದೀರಿ." ಸಹಿ ಇಲ್ಲ, ವಿಳಾಸ ಇಲ್ಲ. ಆದರೆ ಆ ಅಕ್ಷರಗಳ ದುಂಡು ಅವಳೇ ಕೈ ಹಿಡಿದು ತಿದ್ದಿಸಿದ ದುಂಡು.

ಅಂದಿನಿಂದ ಶುರುವಾಯಿತು. ಸೂರ್ಯ ಹುಟ್ಟುವುದನ್ನು ನಾಲ್ಕು ನಿಮಿಷ ಹಿಂದಕ್ಕೆ ಹಾಕುವಳು, ಹುಣ್ಣಿಮೆಯನ್ನು ಒಂದು ದಿನ ಮುಂದೂಡುವಳು. ಯಾರಿಗೂ ತೊಂದರೆಯಾಗದ ತಪ್ಪುಗಳು. ಕಾರ್ಡು ಬರುತ್ತಿತ್ತು, ಒಂದೊಂದು ಸಲ ಒಂದೊಂದು ಊರಿನ ಅಂಚೆ ಮುದ್ರೆ ಹೊತ್ತು. ಯಾವುದರಲ್ಲೂ ತಿದ್ದುಪಡಿ ಬಿಟ್ಟರೆ ಒಂದು ಮಾತು ಹೆಚ್ಚಿಲ್ಲ. ಪುಟದಲ್ಲಿ ನೇರವಾಗಿ ಏನಾದರೂ ಬರೆದರೆ ಎಲ್ಲಿ ಅದೂ ನಿಂತುಹೋದೀತೋ ಎಂದು ಹೆದರಿ ಅವಳೂ ಬರೆಯಲಿಲ್ಲ. ಹತ್ತು ವರ್ಷ ಅಕ್ಕ ತಮ್ಮ ಬದುಕಿದ್ದು ಹೀಗೆ.

ಆಮೇಲೆ ಡಿಜಿಟಲ್ ಬಂತು. ಅನಲಾಗ್ ಪ್ರಸಾರ ನಿಲ್ಲುತ್ತದೆ, ಎಲ್ಲರೂ ಸೆಟ್‌ಟಾಪ್ ಬಾಕ್ಸ್ ಹಾಕಿಕೊಳ್ಳಿ ಎಂದು ಟಿವಿಯೇ ದಿನವಿಡೀ ಹೇಳತೊಡಗಿತು. ಹೊಸ ಪ್ರಸಾರದಲ್ಲಿ ಅಕ್ಷರಪುಟಕ್ಕೆ ಜಾಗವಿಲ್ಲ, ಈಗೆಲ್ಲ ಫೋನಿದೆ, ಯಾರು ಓದುತ್ತಾರೆ ಎಂದು ಮೇಲಿನವರು ತೀರ್ಮಾನಿಸಿದರು. ತಿಂಗಳ ಕೊನೆಯ ದಿನ, ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ಮುಗಿಯುವುದಿತ್ತು.

ಅಕ್ಕನನ್ನು ಕಂಗೆಡಿಸಿದ್ದು ಅದಲ್ಲ. ಆರು ವಾರದಿಂದ ಕಾರ್ಡೇ ಬಂದಿರಲಿಲ್ಲ. ಸೂರ್ಯಾಸ್ತವನ್ನು ಹತ್ತು ನಿಮಿಷ ತಪ್ಪಿಸಿದಳು. ಅರ್ಧ ಗಂಟೆ ತಪ್ಪಿಸಿದಳು. ಕೊನೆಗೆ ಸೂರ್ಯ ರಾತ್ರಿ ಒಂಬತ್ತೂವರೆಗೆ ಮುಳುಗುತ್ತಾನೆ ಎಂದೇ ಹಾಕಿದಳು. ಯಾರೋ ಫೋನು ಮಾಡಿ, "ಏನ್ರೀ, ಸೂರ್ಯಂಗೆ ಓವರ್‌ಟೈಮಾ?" ಎಂದು ನಕ್ಕರು. ಕಾರ್ಡು ಮಾತ್ರ ಇಲ್ಲ. ಸತ್ತನೋ, ಕಾಯಿಲೆ ಬಿದ್ದನೋ, ಸಾಕೆನಿಸಿತೋ. ಮುಗಿಯಲು ಇನ್ನು ಒಂಬತ್ತು ದಿನ. ಆ ಬೆಳಿಗ್ಗೆ ಅವಳು ಹತ್ತು ವರ್ಷದಲ್ಲಿ ತಪ್ಪಿಗೆಂದು ಎಂದೂ ಮುಟ್ಟದಿದ್ದ ರೈಲಿನ ಪುಟಕ್ಕೆ ಕೈ ಹಾಕಿದಳು. ಏಳೂ ಕಾಲರ ರೈಲನ್ನು ಏಳೂ ಐವತ್ತು ಮಾಡಿದಳು. ಇಷ್ಟು ದೊಡ್ಡ ತಪ್ಪಿಗಾದರೂ ಅವನಿಗೆ ರೇಗೀತು ಎಂದು.

ರೇಗಿದ್ದು ಬೇರೊಬ್ಬ. ಮರುದಿನ ಮಗಳನ್ನು ಪರೀಕ್ಷೆಗೆ ಕರೆದೊಯ್ಯಬೇಕಿದ್ದ ಒಬ್ಬ ತಂದೆ ರೈಲು ತಪ್ಪಿಸಿಕೊಂಡು ನೇರ ಕೇಂದ್ರದ ಗೇಟಿಗೆ ಬಂದ. ಹುಡುಗಿ ಅವನ ಹಿಂದೆ ನಿಂತು ಅಳುತ್ತಿದ್ದಳು. ಅಕ್ಕ ಮೆಟ್ಟಿಲ ಮೇಲಿಂದ ಆ ಹುಡುಗಿಯ ಮುಖ ನೋಡಿದಳು. ಕೆಳಗಿಳಿಯದೆ ತನ್ನ ಕೋಣೆಗೆ ಹಿಂತಿರುಗಿದಳು.

ವಿಭಾಗದ ಮುಖ್ಯಸ್ಥ ಬಾಗಿಲು ಹಾಕಿಕೊಂಡು ಕೂಗಾಡಿದ. "ಹೇಗಿದ್ರೂ ಮುಚ್ಚೋ ಅಂಗಡಿ ಅಂತ ಬೆಂಕಿ ಹಚ್ಚಿ ಹೋಗ್ತೀರೇನಮ್ಮ? ನಿಮ್ಮ ವಯಸ್ಸಿಗೆ ಬೇರೆ ಮಾತು ಆಡಬಾರದು ಅಂತ ಸುಮ್ಮನಿದೀನಿ. ನಾಳೆಯಿಂದ ಆ ಕೀಲಿಮಣೆ ಮುಟ್ಟಬೇಡಿ."

ಹಾಗೆ ಉಳಿದಿದ್ದ ದಿನಗಳೂ ಅವಳ ಕೈತಪ್ಪಿದವು. ಅಕ್ಕ ಬುತ್ತಿ ಬಿಚ್ಚದೆ ಕೂತದ್ದನ್ನು ಕಂಡು ಇಂಜಿನಿಯರಮ್ಮ ಕೇಳಿದಳು, "ಏನಕ್ಕಾ, ಪೆಟ್ಟು ತಿಂದ ಮಗು ಥರ ಕೂತಿದೀಯ? ಅವನು ಎಲ್ಲರ ಮೇಲೂ ಹಾಗೇ ಹಾರಾಡ್ತಾನೆ ಬಿಡು." ಆಗ ಮೊದಲ ಸಲ ಅಕ್ಕ ಎಲ್ಲವನ್ನೂ ಹೇಳಿದಳು, ಹುಡುಗಿಯಿಂದ ಹಿಡಿದು ರೈಲಿನವರೆಗೆ. ಕಾರ್ಡುಗಳ ಕಟ್ಟನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು.

ಇಂಜಿನಿಯರಮ್ಮ ಸಮಾಧಾನದ ಮಾತಾಡುವವಳಲ್ಲ. ಕೊನೆಯ ಕಾರ್ಡು ಎತ್ತಿ ನೋಡಿದಳು.

"ಇದು ಬಂದದ್ದು ಯಾವತ್ತು?"

"ಹೋದ ತಿಂಗಳು ಎಂಟನೇ ತಾರೀಕು."

"ಆಮೇಲೆ ಬಂದೇ ಇಲ್ಲ?"

"ಬಂದಿದ್ರೆ ನಾನ್ಯಾಕೆ ಹೀಗಿರ್ತಿದ್ದೆ?"

ಇಂಜಿನಿಯರಮ್ಮ ಎದ್ದು ತನ್ನ ಕೋಣೆಯ ಗೋಡೆಯಲ್ಲಿದ್ದ ನಕ್ಷೆಯ ಮುಂದೆ ಅವಳನ್ನು ನಿಲ್ಲಿಸಿದಳು. ಅನಲಾಗ್ ಒಂದೇ ದಿನ ಎಲ್ಲ ಕಡೆ ನಿಲ್ಲುವುದಿಲ್ಲ. ಮೊದಲು ದೂರದ ಗುಡ್ಡಗಳ ಮೇಲಿನ ಸಣ್ಣ ಮರುಪ್ರಸಾರ ಕೇಂದ್ರಗಳನ್ನು ಒಂದೊಂದಾಗಿ ಆರಿಸುತ್ತಾ ಬರುತ್ತಾರೆ. ಕೊನೆಗೆ ದೊಡ್ಡದು. ನಕ್ಷೆಯಲ್ಲಿ ಆರಿದ ಕೇಂದ್ರಗಳ ಮೇಲೆ ಪೆನ್ಸಿಲಿನ ಗೀಟು, ಪಕ್ಕದಲ್ಲಿ ತಾರೀಕು.

"ಅವನಿಗೆ ಏನೂ ಆಗಿಲ್ಲ ಕಣಕ್ಕಾ. ಅವನ ಟಿವಿಯಲ್ಲಿ ನಿನ್ನ ಪುಟ ಬರ್ತಾ ಇಲ್ಲ, ಅಷ್ಟೇ. ಎಂಟರ ಆಸುಪಾಸಿನಲ್ಲಿ ನಾವು ಆರಿಸಿದ್ದು ಇದೊಂದೇ. ಹತ್ತನೇ ತಾರೀಕು." ಬೆರಳು ಗೀಟಿನ ಮೇಲೆ ನಿಂತಿತು. "ಇದರ ಕೆಳಗೆ ಮೂರೇ ಊರು."

ಅಕ್ಕ ಆ ಮೂರು ಹೆಸರುಗಳನ್ನು ಎಷ್ಟು ಹೊತ್ತು ನೋಡಿದಳೋ. ಹತ್ತು ವರ್ಷ ಕಾರ್ಡುಗಳು ಹೇಳದೇ ಇದ್ದದ್ದನ್ನು ಕಾರ್ಡು ಬಾರದಿದ್ದ ಆರು ವಾರ ಹೇಳಿತ್ತು.

ಮರುದಿನ ಮೊದಲ ಬಸ್ಸು ಹತ್ತಿದಳು. ಮೊದಲ ಊರಲ್ಲಿ ಬೈಂಡಿಂಗ್ ಅಂಗಡಿಯೇ ಇರಲಿಲ್ಲ. ಎರಡನೆಯದರಲ್ಲಿ ಇತ್ತು, ಮುಚ್ಚಿ ಮೂರು ವರ್ಷವಾಗಿತ್ತು. ಮೂರನೇ ಊರು ಮುಟ್ಟುವಾಗ ಮಧ್ಯಾಹ್ನ ಎರಡು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ತಗಡಿನ ಮಾಡಿನ ಉದ್ದನೆಯ ಕೋಣೆ, ಬಾಗಿಲವರೆಗೂ ರಟ್ಟಿನ ರಾಶಿ, ಗೋಂದು ಕಾಯಿಸಿದ ವಾಸನೆ. ಶಾಲೆ, ಕಚೇರಿಗಳ ದಪ್ಪ ಪುಸ್ತಕ ಕಟ್ಟುವ ಜಾಗ. ಹೊರಗೆ ನಿಂತಿದ್ದ ವ್ಯಾನಿಗೆ ಕಟ್ಟುಗಳನ್ನು ಏರಿಸುತ್ತಿದ್ದ ಡ್ರೈವರನ್ನು ಕೇಳಿದಳು.

"ಕಿವಿ ಕೇಳದವರಾ? ಒಳಗಿದಾರೆ ಹೋಗಿ. ನಿಮಗೇನಾಗಬೇಕು ಅವರು? ಅವರ ಕಾರ್ಡು ದಾರಿಯಲ್ಲಿ ಎಲ್ಲೆಲ್ಲೋ ಡಬ್ಬಿಗೆ ಹಾಕೋನು ನಾನೇ. ಈಚೆಗೆ ಕೊಟ್ಟೇ ಇಲ್ಲ."

ಅವನು ಕೊನೆಯ ಮೇಜಿನಲ್ಲಿ ಬೆನ್ನು ತಗ್ಗಿಸಿ ರಟ್ಟು ಕತ್ತರಿಸುತ್ತಿದ್ದ. ಕೂದಲು ನರೆತಿತ್ತು. ಬೆಳಕಿಗೆ ಯಾರೋ ಅಡ್ಡ ಬಂದರೆಂದು ತಲೆಯೆತ್ತಿದ. ಅಕ್ಕ ಕೈಯೆತ್ತಿದಳು. ಬಸ್ಸಿನ ದಾರಿಯುದ್ದಕ್ಕೂ ಮಡಿಲಲ್ಲಿ ಬೆರಳಾಡಿಸಿ ಹದ ಮಾಡಿಕೊಂಡಿದ್ದ ಮೊದಲ ಮಾತು ಇನ್ನೂ ಅರ್ಧವಾಗಿತ್ತು, ಅವನು ಕಣ್ಣು ಮುಚ್ಚಿಕೊಂಡ.

ಮಾತಾಡುವವರು ಮುಖ ತಿರುಗಿಸಿದರೆ ಕೂಗಿ ಕರೆಯಬಹುದು. ಕಿವಿ ಕೇಳದವನು ಕಣ್ಣು ಮುಚ್ಚಿಕೊಂಡರೆ ಮುಗಿಯಿತು. ಅವಳು ಭುಜ ಮುಟ್ಟಿದಳು, ಅವನು ಭುಜ ಕೊಡವಿದ. ಮೇಜು ತಟ್ಟಿದಳು. ಕತ್ತರಿ, ಅಳತೆಪಟ್ಟಿ ಎಲ್ಲ ಅಲುಗಿದವು, ರೆಪ್ಪೆ ಅಲುಗಲಿಲ್ಲ. ಮುಚ್ಚಿದ ಕಣ್ಣುಗಳ ಮುಂದೆಯೇ ಅವಳು ಕೈಯಾಡಿಸತೊಡಗಿದಳು, ಹುಚ್ಚಿಯ ಹಾಗೆ, ಒಂದೇ ಮಾತನ್ನು ಮತ್ತೆ ಮತ್ತೆ. ಸುತ್ತ ಹೊಲಿಗೆಯ ಮೇಜಿನ ಹೆಂಗಸರು ಸೂಜಿ ನಿಲ್ಲಿಸಿ ನೋಡಿದರು. ಅವರಲ್ಲಿ ಒಬ್ಬಳು, ನಡುವಯಸ್ಸಿನವಳು, ಎದ್ದು ಬಂದಳು.

"ಯಾಕಮ್ಮ ಹಾಗೆ ಒದ್ದಾಡ್ತೀರಿ? ಯಾರು ನೀವು?"

"ಇವನ ಅಕ್ಕ."

ಆ ಹೆಂಗಸು ಅವನ ಮೊಣಕೈ ಮೆಲ್ಲಗೆ ತಟ್ಟಿದಳು. ಅವನು ಕಣ್ಣು ತೆರೆದ, ಅವಳನ್ನಷ್ಟೇ ನೋಡಿದ. ಅವಳು ಕೈಯಲ್ಲಿ ಏನೋ ಕೇಳಿದಳು. ಅವನು ಉತ್ತರ ಕೊಟ್ಟ. ಅಕ್ಕನಿಗೆ ಅದು ಸ್ಪಷ್ಟವಾಗಿ ಕಂಡಿತು. ಆದರೂ ಆ ಹೆಂಗಸು ಬಾಯಿಬಿಟ್ಟು ಹೇಳಿದಳು.

"ನಿಮ್ಮ ಕೈ ನೋಡಲ್ಲವಂತೆ. ಅದು ಸುಳ್ಳು ಹೇಳತ್ತಂತೆ. ಏನಿದ್ರೂ ನನ್ನ ಹತ್ರ ಬಾಯಲ್ಲಿ ಹೇಳಬೇಕಂತೆ."

ಅಕ್ಕ ಎರಡೂ ಕೈಗಳನ್ನು ಕೆಳಗಿಳಿಸಿದಳು. ಅವನ ಜೊತೆ ಬಾಯಲ್ಲಿ ಮಾತಾಡಿ ನಲವತ್ತು ವರ್ಷವಾಗಿತ್ತು. ಹತ್ತು ಜನ ಅಪರಿಚಿತರ ನಡುವೆ ಅವಳು ಬಾಯಿ ತೆರೆದಳು.

"ಹುಡುಗಿ ಒಪ್ಪಿಗೆ ಅಂದಿದ್ದಳು ಅಂತ ಹೇಳಮ್ಮ. ಕೈಭಾಷೆ ಕಲೀತೀನಿ ಅಂದಿದ್ದಳು. ನಾನು ಇಲ್ಲ ಅಂತ ಹೇಳಿದೆ."

ಹೆಂಗಸಿನ ಕೈ ಆಡಿತು. ಅವನು ನೋಡುತ್ತಿದ್ದ.

"ಅವಳು ಕಲಿತುಬಿಟ್ಟರೆ ನನ್ನ ಕೈಗೆ ಏನು ಕೆಲಸ ಅಂತ ಹೆದರಿದೆ. ಒಬ್ಬಳೇ ಆಗ್ತೀನಿ ಅಂತ. ಬೇಕೂಂತಲೇ ಹೇಳಿದೆ. ಕೇಳಿದಾಗಲೂ ಬೇಕೂಂತಲೇ ಮುಚ್ಚಿಟ್ಟೆ."

ಹೆಂಗಸು ಅವಳ ಮುಖ ನೋಡಿದಳು, ಅದರಲ್ಲಿ ಏನು ಕಂಡಳೋ. ಅವಳ ಕೈ, ಅಕ್ಕ ತಿಳಿಯದೆ ಹಾಗೆ ಮಾಡಿದಳಂತೆ, ಈಗ ಬಹಳ ನೊಂದಿದ್ದಾಳೆ ಎಂದಿತು.

ಅಕ್ಕ ಸುಮ್ಮನಿದ್ದಿದ್ದರೆ ಅದು ಹಾಗೆಯೇ ದಾಟಿಹೋಗುತ್ತಿತ್ತು. ಅಕ್ಕನಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ. ಅವನ ಹುಬ್ಬಿನ ಗಂಟು ಸಡಿಲವಾಗುತ್ತಿದ್ದದ್ದನ್ನೂ ಅವಳು ಕಂಡಳು.

"ಹಾಗಲ್ಲಮ್ಮ" ಎಂದಳು. "ತಿಳಿಯದೆ ಅಂತ ನಾನು ಹೇಳಲಿಲ್ಲ. ಬೇಕೂಂತಲೇ ಅಂದೆ. ನೊಂದಿದೀನಿ ಅಂತಾನೂ ಹೇಳಲಿಲ್ಲ. ನಾನು ಅಂದಷ್ಟೇ ಹೇಳು."

ಹೆಂಗಸಿಗೆ ನಾಚಿಕೆಯಾಯಿತು. ಮತ್ತೆ ಹೇಳಿದಳು, ಈ ಸಲ ಹೇಳಿದ ಹಾಗೆಯೇ. ಅವನ ಮುಖ ಗಟ್ಟಿಯಾಯಿತು. ಅವನು ಮೇಜಿನ ಮೇಲಿನ ರಟ್ಟಿನ ಅಂಚನ್ನು ಹೆಬ್ಬೆರಳಿಂದ ಸವರಿದ. ಆಮೇಲೆ ಬೆನ್ನು ತಿರುಗಿಸಿ, ಆ ಹೆಂಗಸಿಗೆ ಮಾತ್ರ ಕಾಣುವಂತೆ ಏನೋ ಹೇಳಿ, ಕತ್ತರಿ ಎತ್ತಿಕೊಂಡ.

"ಏನಂದ?" ಅಕ್ಕ ಕೇಳಿದಳು. ನೆನಪಿರುವ ಮಟ್ಟಿಗೆ, ಅವನ ಮಾತಿಗಾಗಿ ಇನ್ನೊಬ್ಬರನ್ನು ಅವಳು ಕೇಳಿದ್ದು ಅದೇ ಮೊದಲು.

"ಐದು ಗಂಟೆವರೆಗೂ ಕೆಲಸ ಇದೆ ಅಂದ್ರು."

"ಅಂದ್ರೆ? ಹೋಗು ಅಂತಲಾ? ಕಾಯಿ ಅಂತಲಾ?"

"ನನಗೇನು ಗೊತ್ತಮ್ಮ? ಐದು ಗಂಟೆವರೆಗೂ ಕೆಲಸ ಇದೆ ಅಂದ್ರು, ಅಷ್ಟೇ. ನೀವೇ ಹೇಳಿದ್ರಲ್ಲ, ನಾನು ಏನೂ ಸೇರಿಸಲ್ಲ."

ಗೋಡೆಯ ಗಡಿಯಾರದಲ್ಲಿ ಎರಡೂ ನಲವತ್ತಾಗಿತ್ತು. ಊರಿಗೆ ಹಿಂತಿರುಗುವ ಕೊನೆಯ ಬಸ್ಸು ನಾಲ್ಕಕ್ಕೆ ಎಂದು ಅವಳಿಗೆ ಗೊತ್ತಿತ್ತು. ಹೆಂಗಸರು ಮತ್ತೆ ಹೊಲಿಗೆಗೆ ತೊಡಗಿದರು. ಅಕ್ಕ ಬಾಗಿಲ ಬಳಿ ಕಾಗದದ ಒಂದು ಕಟ್ಟಿನ ಮೇಲೆ, ಅವನು ತಿರುಗಿದರೆ ಕಾಣುವ ಹಾಗೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.