ಹರಿಹರದ ಬ್ರೈಲ್ ಪ್ರಿಂಟರ್ ಮತ್ತು ವಿಂಡೋಸ್ 98

ಕಳೆದ ವರ್ಷ ಫೆಬ್ರವರಿಯಲ್ಲಿ ನಾನು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಒಂದು ಕಂಪ್ಯೂಟರ್ ಸರ್ವಿಸ್ ಸೆಂಟರ್‌ನಲ್ಲಿ ಹಿರಿಯ ಹಾರ್ಡ್‌ವೇರ್ ಇಂಜಿನಿಯರ್ ಆಗಿದ್ದೆ. ಈ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷವಾಗಿತ್ತು. ಬಿಚ್ಚಿದ ಯಂತ್ರಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಹರಿಹರದ ಒಂದು ಯಂತ್ರ ಮಾತ್ರ ಈಗಲೂ ಕನಸಿನಂತೆ ಕಣ್ಣಮುಂದೆ ಬರುತ್ತದೆ.

ಫೋನ್ ಮಾಡಿದವರು ಅಲ್ಲಿನ ವಸತಿಶಾಲೆಯಲ್ಲಿ ಅಂಧ ಮಕ್ಕಳಿಗೆ ಪಾಠ ಹೇಳುವ ಶಿವಲೀಲಾ ಟೀಚರ್. ನಂದಿಗುಡಿಯ ರೈತರ ಮನೆಯವರು. ಅವರಿಗೂ ಹುಟ್ಟಿನಿಂದ ದೃಷ್ಟಿ ಇಲ್ಲ.

"ಸರ್, ನಮ್ ಕಂಪ್ಯೂಟರ್ ನಿಂತೋಗೈತೆ. ಇನ್ನ ಹನ್ನೆರಡು ದಿನಕ್ಕೆ ಪರೀಕ್ಷೆ. ಮಕ್ಕಳಿಗೆ ಓದಾಕೆ ಹಾಳೆನೇ ಇಲ್ರಿ" ಎಂದರು.

ದಪ್ಪ ಹಾಳೆಯ ಮೇಲೆ ಉಬ್ಬು ಚುಕ್ಕೆಗಳನ್ನು ಒತ್ತುವ ಬ್ರೈಲ್ ಪ್ರಿಂಟರ್ ಚೆನ್ನಾಗಿಯೇ ಇತ್ತು. ಆದರೆ ಅದನ್ನು ನಡೆಸುವ ಹಳೆಯ ಪ್ರೋಗ್ರಾಂ ವಿಂಡೋಸ್ 98 ಬಿಟ್ಟು ಬೇರೆಲ್ಲೂ ಓಡುತ್ತಿರಲಿಲ್ಲ. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿತ್ತು. ಟೀಚರ್ ವರ್ಷಗಟ್ಟಲೆ ಕೂತು ಟೈಪ್ ಮಾಡಿದ್ದ ಪಾಠಗಳೂ ಆ ಪ್ರೋಗ್ರಾಮೂ ಪುಣ್ಯಕ್ಕೆ ಒಂದು ಸಿ.ಡಿ.ಯಲ್ಲಿ ಉಳಿದಿದ್ದವು. ಮಂಡಿಪೇಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಹುಡುಕಿ, ಹತ್ತು ಜಿ.ಬಿ.ಯ ಡಿಸ್ಕ್ ಒಂದನ್ನು ತೆಗೆದುಕೊಂಡು ಹರಿಹರಕ್ಕೆ ಹೋದೆ.

ಮಧ್ಯಾಹ್ನ, ಮಕ್ಕಳು ಊಟ ಮುಗಿಸಿ ಮಲಗಿದ್ದ ಹೊತ್ತು. ಕಿಟಕಿಯಿಂದ ಹೊಳೆಯ ಕಡೆಯ ಗಾಳಿ ಮೆಲ್ಲಗೆ ಬರುತ್ತಿತ್ತು. ಫ್ಲಾಪಿ ಹಾಕಿ ಯಂತ್ರವನ್ನು ಎಬ್ಬಿಸಿ, ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ವಿಂಡೋಸ್ 98ರ ಸಿ.ಡಿ.ಯಿಂದ ಇನ್‌ಸ್ಟಾಲ್ ಶುರು ಮಾಡಿದೆ. ಇಪ್ಪತ್ತು ವರ್ಷದಿಂದ ನೋಡದಿದ್ದ ಆ ನೀಲಿ ಪರದೆ ಕೋಣೆಯ ಮಂದ ಬೆಳಕಿನಲ್ಲಿ ತೇಲುವಂತೆ ಕಂಡಿತು. ನನಗೂ ತೂಕಡಿಕೆ ಬಂತು.

ಶೇಕಡಾ ನಲವತ್ತಮೂರಕ್ಕೆ ಬಂದು ಕೆಲಸ ನಿಂತಿತು. ಮತ್ತೆ ಮೊದಲಿನಿಂದ ಮಾಡಿದೆ, ಅಲ್ಲಿಗೇ ನಿಂತಿತು. ಮೆಮೊರಿ ಬದಲಿಸಿದೆ, ಕೇಬಲ್ ಬದಲಿಸಿದೆ. ಪಕ್ಕದಲ್ಲಿ ಕೂತಿದ್ದ ಟೀಚರ್ ಏನೋ ಹೇಳಲು ಬಾಯಿ ತೆರೆದರು.

"ಸ್ವಲ್ಪ ಸುಮ್ನೆ ಕೂಡ್ರಿ ಟೀಚರ್. ಇದು ಕಣ್ಣಿಟ್ಟು ನೋಡೋ ಕೆಲಸ" ಎಂದುಬಿಟ್ಟೆ.

ಯಾರಿಗೆ ಏನು ಹೇಳಿದೆನೆಂಬುದು ಆಡಿದ ಮೇಲೆ ಹೊಳೆಯಿತು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಅವರು ಬೇಸರ ತೋರಿಸಲಿಲ್ಲ. ನಾಲ್ಕನೇ ಸಲವೂ ನಿಂತಾಗ ಮೆಲ್ಲಗೆ ಹೇಳಿದರು:

"ನಿಂತಿಲ್ರಿ ಸರ್ ಅದು. ಒಂದೇ ಜಾಗನ ಮತ್ತೆ ಮತ್ತೆ ಓದಾಕೆ ನೋಡ್ತೈತೆ. ತಿರುಗ್ತೈತೆ, ಸೋತು ನಿಧಾನ ಆಗ್ತೈತೆ, ಮತ್ತೆ ತಿರುಗ್ತೈತೆ. ಕೇಳ್ರಿ."

ಕಣ್ಣು ಮುಚ್ಚಿ ಕಿವಿಗೊಟ್ಟೆ. ಫ್ಯಾನಿನ ಸದ್ದಿನ ಅಡಿಯಲ್ಲಿ ಸಿ.ಡಿ. ಡ್ರೈವ್ ನಿಟ್ಟುಸಿರು ಬಿಟ್ಟಂತೆ ಏರಿ ಇಳಿಯುತ್ತಿತ್ತು. ಮೆಮೊರಿಯದೂ ಅಲ್ಲ, ಕೇಬಲಿನದೂ ಅಲ್ಲ, ದೋಷ ಡ್ರೈವಿನಲ್ಲಿತ್ತು. ಬಿಚ್ಚಿ ನೋಡಿದರೆ ಸಿ.ಡಿ.ಯನ್ನು ಓದುವ ಲೆನ್ಸ್ ಮೇಲೆ ಧೂಳು ಪೊರೆಗಟ್ಟಿತ್ತು. ಒರೆಸಿ, ಇನ್‌ಸ್ಟಾಲ್ ಫೈಲುಗಳನ್ನೆಲ್ಲ ಮೊದಲು ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡು ಅಲ್ಲಿಂದಲೇ ಶುರು ಮಾಡಿದೆ. ನಲವತ್ತಮೂರು ದಾಟಿತು. ಡಿಸ್ಕಿನ ಸದ್ದು ತಡೆಯಿಲ್ಲದೆ ಸಾಗುವುದನ್ನು ಕೇಳಿ, ನಾನು ಹೇಳುವ ಮೊದಲೇ ಟೀಚರ್ ನಕ್ಕರು.

ಸಂಜೆ ಪ್ರಿಂಟರ್ ಟಕಟಕ ಎನ್ನುತ್ತ ಮೊದಲ ಹಾಳೆಯನ್ನು ಹೊರಗೆ ಬಿಟ್ಟಿತು. ಟೀಚರ್ ಅದನ್ನು ಮಡಿಲಲ್ಲಿಟ್ಟು ಬೆರಳಾಡಿಸಿದರು.

"ಸರ್, ತಪ್ಪಾಯ್ತ್ರಿ ಅನ್ನೋ ಮಾತು ನಿಮ್ಮ ಬಾಯಲ್ಲೇ ಐತೆ, ಗೊತ್ತು. ಬ್ಯಾಡ ಬಿಡ್ರಿ. ಇದು ನಾನೇ ಬರೆದ ಪಾಠ, ಕೇಳ್ರಿ" ಎಂದು ಗಟ್ಟಿಯಾಗಿ ಓದತೊಡಗಿದರು. ಗದ್ದೆಗೆ ನೀರು ಬಿಟ್ಟಾಗ ಮಣ್ಣು ಮೊದಲು ಗುಳುಗುಳು ಅನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ, ಸುಮ್ಮನಾದರೆ ಅದಕ್ಕೆ ಸಾಕಾಯಿತೆಂದು ತಿಳಿಯಬೇಕು ಎಂದು ಅದರಲ್ಲಿತ್ತು. ಭತ್ತದ ಗದ್ದೆಗಳ ನಡುವೆಯೇ ಬೆಳೆದ ನಾನು ಆ ಸದ್ದನ್ನು ಒಂದು ದಿನವೂ ಗಮನಿಸಿರಲಿಲ್ಲ.

ಮಕ್ಕಳು ಎದ್ದು ಒಬ್ಬೊಬ್ಬರಾಗಿ ಬಂದು ಹೊಸ ಹಾಳೆಗಳ ಮೇಲೆ ಕೈಯಿಟ್ಟರು. ಪರೀಕ್ಷೆಗೆ ಬೇಕಾದ ಪಾಠಗಳೆಲ್ಲ ನಾಲ್ಕು ದಿನದಲ್ಲಿ ಅಚ್ಚಾದವು.

ಯಂತ್ರದ ಜೊತೆ ದಿನವೂ ಇರುವವರಿಗೆ ಅದರ ಬಗ್ಗೆ ನನಗಿಂತ ಹೆಚ್ಚು ಗೊತ್ತಿರುತ್ತದೆ. ಮೂವತ್ತೊಂದು ವರ್ಷಕ್ಕೆ ಕಲಿತ ಪಾಠ ಇದು. ಈಗ ಎಲ್ಲಿಗೆ ಹೋದರೂ ಸ್ಕ್ರೂಡ್ರೈವರ್ ಹೊರತೆಗೆಯುವ ಮುಂಚೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳುವುದು ಮುಗಿಯುವ ತನಕ ಕೇಳುತ್ತೇನೆ.